ಬಂಡೆ ಬಿಡದ ಗೋರಟೆ

ಮೊದಲ ಗಿಡವನ್ನು ಕಿತ್ತವಳು ನಾನೇ. ಮಳೆಗಾಲ ಆಗಷ್ಟೇ ಹಿಡಿದಿತ್ತು. ಮೊಣಕಾಲೆತ್ತರವೂ ಇಲ್ಲದ ಪೊದೆ. ಸುತ್ತಲಿನ ಮಣ್ಣನ್ನು ಕೈಯಿಂದಲೇ ಬಿಡಿಸಿ, ಬುಡವನ್ನು ಎರಡೂ ಅಂಗೈಗಳಲ್ಲಿ ಹಿಡಿದು, ತೊಟ್ಟಿಲಿನಿಂದ ಮಗುವನ್ನು ಎತ್ತುವ ಹಾಗೆ ನಿಧಾನವಾಗಿ ಎತ್ತಿದೆ. ಗಿಡ ಒಂದು ಬೆರಳಿನಷ್ಟು ಮೇಲೆ ಬಂತು, ಮತ್ತೆ ಬರಲಿಲ್ಲ. ಇನ್ನೂ ಸ್ವಲ್ಪ ಎತ್ತಿದೆ. ಕಲ್ಲಿನ ಒಳಗೆಲ್ಲೋ ಟಕ್ಕೆಂದಿತು. ನನ್ನ ಕೈಯಲ್ಲಿ ಉಳಿದದ್ದು ಎಲೆ, ಕಾಂಡ ಮತ್ತು ಮೊಂಡಾದ ಒಂದು ಬೇರು. ಉಳಿದ ಬೇರು ಕರಿಕಲ್ಲಿನ ಬಿರುಕಿನಲ್ಲೇ ಉಳಿಯಿತು.

ಇದು ಬದುಕುವುದಿಲ್ಲ ಎಂದು ಅಲ್ಲೇ ಗೊತ್ತಾಯಿತು. ಆದರೂ ಒದ್ದೆ ಗೋಣಿಯಲ್ಲಿ ಸುತ್ತಿ ಟೆಂಪೋದಲ್ಲಿಟ್ಟೆ, ಮುಂದಿನ ಗಿಡಕ್ಕೆ ಹೋದೆ.

ನೆರೂಳಿನ ಒಂದು ಖಾಸಗಿ ನರ್ಸರಿಯಲ್ಲಿ ಗಿಡಗಳ ಉಸ್ತುವಾರಿ ನನ್ನದು. ಮನೆ ಡೊಂಬಿವಲಿ. ಆ ವರ್ಷ ಕಲ್ಯಾಣದಿಂದ ನವಿ ಮುಂಬಯಿಯ ಕಡೆಗೆ ಬರುವ ರಸ್ತೆಯೊಂದನ್ನು ಅಗಲಿಸುವ ಕೆಲಸ ಹೊರಟಿತ್ತು. ಅದಕ್ಕೆ ಗುಡ್ಡದ ಒಂದು ಮಗ್ಗುಲನ್ನು ಕಡಿಯಬೇಕಿತ್ತು. ಆ ಮಗ್ಗುಲಲ್ಲೇ ಈ ಪೊದೆ ಇದೆಯೆಂದು ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕಿಯೊಬ್ಬರು ಗುರುತಿಸಿದ್ದರು. ನಮ್ಮ ಉಡುಪಿ ಕಡೆ ಅಂಗಳದಲ್ಲಿ ಬೆಳೆಸುವ ಗೋರಟೆಯ ದಾಯಾದಿ ಇದು. ಎಲೆಯ ಮೇಲೆ ಬೂದಿ ಉದುರಿಸಿದಂಥ ಸಣ್ಣ ರೋಮ, ಮಳೆ ಹೋದ ಮೇಲೆ ತಿಳಿ ನೇರಳೆ ಹೂ. ಉತ್ತರ ಕೊಂಕಣದ ಕೆಲವು ಕರಿಕಲ್ಲ ಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಗುಡ್ಡ ಯಾವುದೆಂದು ನಾನು ಬರೆಯುವುದಿಲ್ಲ. ಅಪರೂಪದ್ದೆಂದು ಗೊತ್ತಾದರೆ ಕಿತ್ತೊಯ್ಯುವವರು ಇದ್ದೇ ಇರುತ್ತಾರೆ.

ಗುಡ್ಡ ಕಡಿಯುವ ಮೊದಲು ಗಿಡಗಳನ್ನು ನರ್ಸರಿಗೆ ಸಾಗಿಸಬೇಕು, ಆಮೇಲಿನ ತಪಾಸಣೆಯಲ್ಲಿ ಬದುಕಿಸಿ ತೋರಿಸಬೇಕು ಎಂಬುದು ರಸ್ತೆಗೆ ಅನುಮತಿ ಕೊಟ್ಟವರ ಷರತ್ತು. ಬೇಲಾಪುರದಲ್ಲಿ ನಡೆದ ಸಭೆಯಲ್ಲಿ ನಮ್ಮ ನರ್ಸರಿಯ ಮಾಲೀಕರು ಆ ಕೆಲಸ ಒಪ್ಪಿಕೊಂಡು ಬಂದರು. "ಗೋರಟೆ ತಾನೇ ತಾಈ, ಕಡ್ಡಿ ನೆಟ್ಟರೂ ಬರುತ್ತೆ" ಎಂದು, ನನ್ನನ್ನು ಅಕ್ಕ ಎನ್ನುತ್ತ, ಮರಾಠಿಯಲ್ಲಿ ಹೇಳಿ ಗುಡ್ಡವನ್ನು ನನಗೆ ವಹಿಸಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕಿತ್ತು ತಂದ ಗಿಡಗಳ ಎಲೆಗಳನ್ನು ಮುಕ್ಕಾಲು ಪಾಲು ಕತ್ತರಿಸಿ, ಮರಳು ಮತ್ತು ಎಲೆಗೊಬ್ಬರದ ಮಿಶ್ರಣದಲ್ಲಿ ನೆಟ್ಟು ಹಸಿರು ಬಲೆಯ ನೆರಳಿನಲ್ಲಿಟ್ಟೆವು. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಕಾಂಡ ಬುಡದಿಂದ ಕಪ್ಪಾಗತೊಡಗಿತು. ಬಿರುಕನ್ನು ಉಳಿಯಿಂದ ಅಗಲಿಸಿ ಬೇರನ್ನು ಪೂರ್ತಿ ಬಿಡಿಸೋಣವೆಂದು ಎರಡನೇ ಸಲ ಹೋದೆವು. ಉಳಿಯ ಪೆಟ್ಟಿಗೆ ಕಲ್ಲು ಚೂರಾಗಿ ಬೇರನ್ನೇ ಜಜ್ಜಿತು. ಆಮೇಲೆ ಕಡ್ಡಿ ನೆಡುವುದಕ್ಕೆ ಹೊರಟೆ. ಬಲಿತೂ ಬಲಿಯದ ಟೊಂಗೆಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಬೇರು ಬರಿಸುವ ಪುಡಿಯಲ್ಲಿ ಅದ್ದಿ, ತೆಂಗಿನ ನಾರಿನ ಪುಡಿಯಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಮುಚ್ಚಿದೆ. ನೆರೂಳಿನ ಮಳೆಗಾಲದ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಕಡ್ಡಿಗಳ ಬುಡದಲ್ಲಿ ಬಿಳಿ ಬೂಷ್ಟಿನ ಎಳೆ ಕಾಣಿಸಿತು. ನಾರಿನ ಪುಡಿ ತೆಗೆದು ಕಲ್ಲಿನ ಪುಡಿ, ಇಟ್ಟಿಗೆಯ ಪುಡಿಗೆ ಬದಲಿಸಿದೆ. ನೀರು ಕಡಿಮೆ ಮಾಡಿದೆ. ಕೊಳೆಯುವುದು ನಿಂತಿತು. ಕಡ್ಡಿಯ ತುದಿಯಲ್ಲಿ ಗಂಟು ಕಟ್ಟಿತು. ಬೇರು ಬಿಡಲಿಲ್ಲ.

ಬೇರು ಬಂತೇ ಎಂದು ಕಿತ್ತು ನೋಡಿದರೆ ಬರುವ ಬೇರೂ ಹರಿಯುತ್ತದೆ ಎಂದು ಮಾಲಿಗಳನ್ನು ಗದರಿಸುತ್ತಿದ್ದವಳು ನಾನು. ಈಗ ಬೆಳಿಗ್ಗೆ ಬಂದ ಕೂಡಲೇ ಚೀಲವನ್ನು ಕುರ್ಚಿಯ ಮೇಲೆಸೆದು, ಯಾರೂ ನೋಡದ ಹಾಗೆ ಒಂದು ಕಡ್ಡಿಯನ್ನು ಕಿತ್ತು ನೋಡುವುದು, ಮತ್ತೆ ಊರುವುದು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ನೆರೂಳು. ಇಡೀ ದಾರಿ ಅದೇ ಯೋಚನೆ. ಸೀಟು ಸಿಕ್ಕಿದರೂ ಕೂರಲು ಆಗುತ್ತಿರಲಿಲ್ಲ, ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಮನೆಯಲ್ಲಿ ಅನ್ನಕ್ಕಿಟ್ಟು ಮರೆಯುತ್ತಿದ್ದೆ. ಕಾಲೇಜಿಗೆ ಹೋಗುವ ಮಗಳಿಗೆ ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಮಮ್ಮಾ, ತೂ ತರ್ ಝಾಡಾಂಚಂ ಐಸಿಯು ಚಾಲವತೇಸ್" ಎಂದು ನಕ್ಕಳು, ಗಿಡಗಳ ಐಸಿಯು ನಡೆಸುತ್ತಿದ್ದೀಯಲ್ಲ ಎಂದು. ಐಸಿಯುವಿನಿಂದ ಒಬ್ಬರಾದರೂ ಮನೆಗೆ ಹೋಗುತ್ತಾರೆ. ನನ್ನ ಕಡೆಯಿಂದ ಯಾರೂ ಹೋಗುತ್ತಿರಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಮಾಲೀಕರ ತಾಳ್ಮೆ ಮುಗಿಯಿತು. ಅವರು ಕೆಟ್ಟವರಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲೂ ಮಾಲಿಗಳನ್ನು ಬಿಡಿಸಿದವರಲ್ಲ. ಒಂದು ಮಧ್ಯಾಹ್ನ ನೆರಳುಬಲೆಯ ಕೆಳಗೆ ಬಂದು ನಿಂತು, ಒಣಗಿದ ಕುಂಡಗಳನ್ನು ನೋಡಿ, ಮೆಲ್ಲಗೆ ಹೇಳಿದರು: "ತಾಈ, ಸಾಧಾರಣ ನೇರಳೆ ಗೋರಟೆ ನಮ್ಮಲ್ಲೇ ಬೇಕಾದಷ್ಟಿದೆ. ಎಲೆ ಹೆಚ್ಚು ಕಡಿಮೆ ಒಂದೇ. ಮೊಗ್ಗು ಚಿವುಟಿ ಇಟ್ಟರೆ ತಪಾಸಣೆಗೆ ಬಂದವರಿಗೆ ಏನು ಗೊತ್ತಾಗುತ್ತೆ?"

ಎರಡು ದಿನ ಬಿಟ್ಟು ಬಂದರೆ ಕುಂಡಗಳು ಸಾಲಾಗಿ ಬಂದು ಕೂತಿದ್ದವು. ಸೊಂಪಾದ, ಹಸಿರು ತುಂಬಿದ, ಎಲ್ಲಿ ಬೇಕಾದರೂ ಬೆಳೆಯುವ ಗೋರಟೆ. ಹೆಸರಿನ ಚೀಟಿ ಸಿಕ್ಕಿಸುವುದೊಂದೇ ಬಾಕಿ. ಅವುಗಳ ಎದುರು ನಿಂತಿರಲಾರದೆ ಗುಡ್ಡಕ್ಕೆ ಹೊರಟೆ.

ಗುಡ್ಡದಲ್ಲಿ ಆಗಲೇ ಪೂರ್ವ ತಯಾರಿ ಸುರುವಾಗಿತ್ತು. ಸೈಟ್ ಇಂಜಿನಿಯರು ವಿಜಯಪುರದ ಕಡೆಯವರು, ಐವತ್ತು ದಾಟಿದವರು. ಮೊದಲ ದಿನವೇ ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿ, "ಕನ್ನಡದವರೇನ್ರೀ? ಅಯ್ಯ, ಇಷ್ಟ ದಿನ ಹಿಂದಿ ಮಾತಾಡಿ ನಾಲಿಗಿ ಒಣಗಿತ್ತು ನೋಡ್ರಿ" ಎಂದು ಚಹಾ ಕುಡಿಸಿದ್ದರು. ಅಂದು ಅವರಿಗೂ ಮುಖ ತೋರಿಸುವ ಮನಸ್ಸಾಗಲಿಲ್ಲ. ಕಲ್ಲೊಡೆಯುವ ಬ್ರೇಕರಿನ ಸದ್ದು ತಪ್ಪಿಸಿಕೊಳ್ಳಲು ಇಳಿಜಾರಿನ ಮಗ್ಗುಲಲ್ಲಿದ್ದ ತೊರೆಯ ಹಳ್ಳಕ್ಕೆ ಇಳಿದೆ.

ಅಲ್ಲೊಂದು ಬಂಡೆ ಬಿದ್ದಿತ್ತು. ಫ್ರಿಜ್ಜಿನಷ್ಟು ದೊಡ್ಡದು. ಈ ಮಳೆಗೆ ಮೇಲಿನಿಂದ ಉರುಳಿ ಬಂದದ್ದೆಂದು ಅದರ ಹಿಂದಿನ ಹಸಿ ಮಣ್ಣಿನ ಗೀರು ಹೇಳುತ್ತಿತ್ತು. ಮಗ್ಗುಲಾಗಿ ಬಿದ್ದಿದ್ದ ಅದರ ಬಿರುಕಿನಲ್ಲಿ ಗೋರಟೆಯ ಪೊದೆ ಅಡ್ಡಡ್ಡ ನಿಂತಿತ್ತು. ಅಡ್ಡ ಬಿದ್ದ ಟೊಂಗೆಗಳು ಅರ್ಧದಲ್ಲಿ ಬಾಗಿ ಆಕಾಶದ ಕಡೆ ತಿರುಗಿದ್ದವು. ತುದಿಗಳಲ್ಲಿ ಮೊಗ್ಗು.

ನಾನು ಅದರ ಎದುರು ಒದ್ದೆ ಕಲ್ಲಿನ ಮೇಲೆ ಕೂತೆ. ಅಷ್ಟು ಎತ್ತರದಿಂದ ಉರುಳಿದೆ, ಬಡಿದಿದೆ, ದಿಕ್ಕು ಬದಲಾಗಿದೆ. ಒಂದು ಎಲೆಯೂ ಹಳದಿಯಾಗಿಲ್ಲ. ಬೇರು ಕಲ್ಲಿನಲ್ಲೇ ಇದೆ, ಅಷ್ಟೇ. ಮಣ್ಣಿಗಾಗಿ, ಗೊಬ್ಬರಕ್ಕಾಗಿ, ನೆರಳಿಗಾಗಿ ಮೂರು ತಿಂಗಳು ಓಡಾಡಿದ್ದೆ. ಗಿಡವನ್ನು ಕಲ್ಲಿನಿಂದ ಬಿಡಿಸುವುದೇ ಅದನ್ನು ಕೊಲ್ಲುವುದಾಗಿತ್ತು.

ಏದುಸಿರು ಬಿಡುತ್ತ ಮೇಲೆ ಹತ್ತಿ ಇಂಜಿನಿಯರನ್ನು ಹುಡುಕಿದೆ.

"ಸಾರ್, ಗಿಡ ತೆಗೆಯುದು ಬೇಡ. ಕಲ್ಲನ್ನೇ ತೆಗೆಯುವಾ."

ಅವರು ಹೆಲ್ಮೆಟ್ ಹಿಂದಕ್ಕೆ ಸರಿಸಿ ನನ್ನನ್ನು ನೋಡಿದರು. "ಏನಂದ್ರಿ?"

"ಗಿಡ ಇರುವ ಕಲ್ಲನ್ನು ಗಿಡದ ಸಮೇತ ಎತ್ತಿ ಬೇರೆ ಕಡೆ ಇಡುದು. ಕೆಳಗೆ ಬನ್ನಿ, ತೋರಿಸ್ತೇನೆ."

ಹಳ್ಳಕ್ಕೆ ಕರೆದುಕೊಂಡು ಹೋದೆ. ಅವರು ಬಂಡೆಯ ಸುತ್ತ ಒಂದು ಸುತ್ತು ಬಂದರು, ಬೂಟಿನಿಂದ ಒದ್ದು ನೋಡಿದರು, ಗಿಡವನ್ನು ಬೆರಳಿನಿಂದ ಅಲುಗಿಸಿದರು.

"ಎಲ್ಲಿ ಇಡ್ತೀರಿ? ನೆರೂಳಿನ ನರ್ಸರಿಯೊಳಗ ಬಂಡಿಗಲ್ಲು ತುಂಬ್ತೀರೇನು?"

"ಇಲ್ಲೇ ಮೇಲೆ ಹಳೇ ಕ್ವಾರಿಯ ಮೆಟ್ಟಿಲು ಉಂಟಲ್ಲ, ಕಲ್ಲು ಕಡಿದು ಬಿಟ್ಟ ಸಮತಟ್ಟು ಜಾಗ, ಅಲ್ಲಿ. ಅದೇ ಗುಡ್ಡ, ಅದೇ ಪಡುವಣ ಬಿಸಿಲು. ರಸ್ತೆಗೆ ಅದು ಬೇಡ, ಅಲ್ವಾ?"

"ಬ್ಯಾಡ ಖರೆ. ಆದ್ರ ನನಗ ದೀಪಾವಳಿಯೊಳಗ ಈ ಮಗ್ಗಲಾ ಕಡದು ಕೊಡಬೇಕ್ರೀ ಮೇಡಂ. ಒಂದೊಂದು ಕಲ್ಲು ಹೂ ಎತ್ತಿದಂಗ ಎತ್ಕೊಂತ ಕುಂತ್ರ ಮ್ಯಾಲಿನವ್ರು ನನ್ನ ಎತ್ತತಾರ."

ಅವರು ಮತ್ತೊಮ್ಮೆ ಆ ಬಾಗಿದ ಟೊಂಗೆಗಳನ್ನು ನೋಡಿದರು.

"ಎಂಥಾ ಹಠರೀ ಇದರದು" ಎಂದರು. ಗುಡ್ಡದ ತುದಿಯತ್ತ ಕೈ ತೋರಿಸಿ, "ನಾ ಮೂಡಣ ತುದಿಯಿಂದ ಒಡೀತೀನಿ. ಪಡುವಣ ತುದಿ ಕಡೀಕ. ಅಲ್ಲಿ ಮಟ ನಿಮ್ಮ ಕಲ್ಲು ನೀವು ಆರಿಸ್ಕೋರಿ. ಮಶೀನು ಊಟದ ಹೊತ್ತಿನ್ಯಾಗ ಕೊಡ್ತೀನಿ."

ನೆರೂಳಿಗೆ ಹಿಂದಿರುಗಿ ಮಾಲೀಕರಿಗೆ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಷರತ್ತಿನಲ್ಲಿ ನರ್ಸರಿ ಎಂದಿದೆ, ಗುಡ್ಡ ಎಂದಿಲ್ಲ ಎಂದರು. ಆ ಕುಂಡಗಳಿಗೆ ನಾನು ಚೀಟಿ ಸಿಕ್ಕಿಸುವುದಿಲ್ಲ ಎಂದೆ. ಅವರು "ಹಾಗಾದರೆ ತಪಾಸಣೆಯ ದಿನ ಉತ್ತರ ನೀನೇ ಕೊಡು" ಎಂದರು. ಕುಂಡಗಳನ್ನು ತೆಗೆಸಲಿಲ್ಲ.

ಎಲ್ಲ ಕಲ್ಲೂ ಎತ್ತಲು ಬರುವುದಿಲ್ಲ. ನಾಲ್ಕೂ ಕಡೆ ಸಹಜವಾಗಿ ಸೀಳಿರುವ ಕಲ್ಲು ಬೇಕು. ಸುತ್ತಿಗೆಯಿಂದ ತಟ್ಟಿದರೆ ಸಡಿಲವಿರುವುದು ಪೊಳ್ಳು ದನಿ ಕೊಡುತ್ತದೆ. ಗುಡ್ಡಕ್ಕೆ ಅಂಟಿರುವುದು ಟಣ್ ಎನ್ನುತ್ತದೆ. ಹೀಗೆ ತಟ್ಟಿ ಆರಿಸಿದೆವು. ಬಿರುಕಿನ ಬಾಯಿಗೆ ಜೇಡಿ ಮಣ್ಣು ಮೆತ್ತಿ, ಒದ್ದೆ ಗೋಣಿ ಬಿಗಿದು, ಟೊಂಗೆಗಳನ್ನು ಹಳೆ ಸೀರೆಯ ಪಟ್ಟಿಯಿಂದ ಒಟ್ಟಿಗೆ ಕಟ್ಟಿದೆವು. ಸೀರೆಗಳು ನನ್ನವೇ. ಕಲ್ಲಿನ ಹಿಂದೆ ಸಾಲಾಗಿ ತೂತು ಕೊರೆದು ಬೆಣೆ ಹೊಡೆದರೆ ಅದು ಒಂದು ನಿಟ್ಟುಸಿರಿನೊಂದಿಗೆ ಗುಡ್ಡ ಬಿಡುತ್ತಿತ್ತು. ಆಮೇಲೆ ಬೆಲ್ಟು ಸುತ್ತಿ, ಮಣ್ಣು ಅಗೆಯುವ ಮಶೀನಿನ ಕೊಕ್ಕೆಗೆ ತಗುಲಿಸಿ, ಡಂಪರಿನಲ್ಲಿ ಮೇಲಕ್ಕೆ. ಮೊದಲು ಯಾವ ಮುಖಕ್ಕೆ ಸಂಜೆಯ ಬಿಸಿಲು ಬೀಳುತ್ತಿತ್ತೋ ಅದೇ ಮುಖವನ್ನು ಪಡುವಣಕ್ಕಿಟ್ಟು, ಸಂದಿಗೆ ಅದೇ ಗುಡ್ಡದ ಮಣ್ಣು ತುಂಬಿದೆವು.

ಮೇಲೆ ಹೋದ ಮೊದಲ ಕಲ್ಲುಗಳಲ್ಲಿ ಮೊಗ್ಗು ಉದುರಲಿಲ್ಲ. ದಸರೆಯ ಹೊತ್ತಿಗೆ ಒಂದರಲ್ಲಿ ಹೂವೂ ಅರಳಿತು. ನನ್ನ ಗಂಡ ತುಳುವಿನಲ್ಲಿ, "ಕಲ್ಲು ಹೊರಿಸಿ ಹೊರಿಸಿ ನಿನ್ನ ಮುಖಕ್ಕೆ ಕಳೆ ಬಂದಿದೆ" ಎಂದರು. ಅಂದು ರೈಲಿನಲ್ಲಿ ಕೂತುಕೊಂಡೇ ಬಂದಿದ್ದೆ.

ಅದಾದ ಮರುವಾರವೇ, ಮಶೀನಿಗೆ ತಗುಲಿಸಿ ಎತ್ತುತ್ತಿದ್ದ ಒಂದು ಕಲ್ಲು ಜಾರಿತು. ಹಿಂದಿನ ಸಂಜೆ ಅಕಾಲದ ಮಳೆ ಸುರಿದು ಕಲ್ಲು ಜಾರುತ್ತಿತ್ತು. ಗಾಳಿಯಲ್ಲಿ ತೂಗುತ್ತಿದ್ದ ಹಾಗೇ ಅರ್ಧ ಸುತ್ತು ತಿರುಗಿತು, ಒಂದು ಬೆಲ್ಟು ಕಳಚಿತು. ಕೆಳಗೆ ಹಗ್ಗ ಹಿಡಿದಿದ್ದ ಕೆಲಸಗಾರ ಮೇಲೆ ನೋಡುತ್ತ ನಿಂತೇಬಿಟ್ಟಿದ್ದ. ಇಂಜಿನಿಯರು ಓಡಿ ಬಂದು ಅವನ ಅಂಗಿ ಹಿಡಿದು ಎಳೆದರು. ತೂಗಿ ಬಂದ ಕಲ್ಲಿಗೂ ಡಂಪರಿನ ಕಬ್ಬಿಣಕ್ಕೂ ನಡುವೆ ಅವರ ಬಲಗೈ ಸಿಕ್ಕಿತು.

ಅವರು ಕೂಗಲಿಲ್ಲ. ಕೆಳಗೆ ಕೂತು, ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, "ಮಶೀನ್ ಬಂದ್ ಮಾಡ್ರೀ" ಎಂದರು. ಗಾಡಿಯಲ್ಲಿ ಆಸ್ಪತ್ರೆಗೆ ಹೋಗುವಾಗ ನಾನು ಜೊತೆಗಿದ್ದೆ. ದಾರಿಯುದ್ದಕ್ಕೂ ಅವರು ಆ ಕೆಲಸಗಾರನಿಗೆ ಏನಾದರೂ ಆಯಿತೇ ಎಂದು ಕೇಳುತ್ತಿದ್ದರು. ಜಾರಿದ ಕಲ್ಲಿನ ಗಿಡಕ್ಕೆ ಏನೂ ಆಗಿಲ್ಲವೆಂದು ಆಮೇಲೆ ಯಾರೋ ಹೇಳಿದರು. ಅದನ್ನು ನೋಡುವ ಮನಸ್ಸಾಗಲಿಲ್ಲ.

ಕೆಲಸ ನಿಂತಿತು. ಇಂಜಿನಿಯರ ಜಾಗಕ್ಕೆ ಕಂಪನಿಯವರು ತರುಣನೊಬ್ಬನನ್ನು ಕಳಿಸಿದರು. ನಾನು ಮನೆಯಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗಿದೆ. ಒಂದು ಪೊದೆಗೆ ಒಬ್ಬ ಮನುಷ್ಯನ ಕೈ. ಆ ಕೆಲಸಗಾರ ಒಂದು ಕ್ಷಣ ಅಲ್ಲೇ ನಿಂತಿದ್ದರೆ? ನಾಲ್ಕನೆಯ ದಿನ ಕಲ್ಯಾಣದಲ್ಲಿ ಇಂಜಿನಿಯರ ಬಾಡಿಗೆ ಮನೆಗೆ ಹೋದೆ.

ಬಾಗಿಲು ತೆಗೆದವರು ಅವರ ಹೆಂಡತಿ. ನಾನು ಯಾರೆಂದು ತಿಳಿದ ಕೂಡಲೇ ಮುಖ ಗಟ್ಟಿಯಾಯಿತು. "ಬರ್ರಿ ಒಳಗ. ಗಿಡದವ್ವಾರ ಬಂದಾರ ನೋಡ್ರೀ" ಎಂದು ಗಂಡನಿಗೆ ಕೂಗಿ ಹೇಳಿದರು. ಇಂಜಿನಿಯರು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು.

"ಇನ್ನು ಸಾಕು ಸಾರ್" ಎಂದೆ. "ಉಳಿದದ್ದು ಬಿಟ್ಟುಬಿಡುವಾ ಅಂತ ಕಾಣ್ತದೆ. ಇದಕ್ಕೆ ಇಷ್ಟು ಬೆಲೆ ಕೊಡ್ಲಿಕ್ಕೆ ಆಗುದಿಲ್ಲ."

"ಗಿಡದಿಂದ ಕೈ ಮುರೀತು ಅಂತ ತಿಳ್ಕೊಂಡೀರೇನು?" ಅವರಿಗೆ ಸಿಟ್ಟು ಬಂದಿತ್ತು. "ಬೆಲ್ಟಿನಿಂದ ಮುರೀತ್ರೀ. ಹಸಿ ಕಲ್ಲನ್ನ ಗಾಳಿಯೊಳಗ ತೂಗಾಡಿಸಬಾರದಿತ್ತು. ಅದು ನನ್ನ ಕೆಲಸ, ನನ್ನ ತಪ್ಪು. ತೂಗಾಡಿಸಬ್ಯಾಡ್ರಿ. ಮಶೀನಿನ ಬಕೆಟ್‌ನ್ಯಾಗ ಮರಳಿನ ಚೀಲ ಹಾಸಿ ಕಲ್ಲು ಮಲಗಿಸ್ರಿ. ಮಳಕಾಲಿಗಿಂತ ಮ್ಯಾಲ ಎತ್ತಬ್ಯಾಡ್ರಿ. ಮಶೀನು ನಡಿಯುವಾಗ ಒಬ್ಬ ಮನಷ್ಯಾ ಸನೇಕ ಇರಬಾರದು, ನೀವೂ ಇರಬಾರದು. ತಡ ಆಗ್ತದ. ಆಗ್ಲಿ."

ನಾನು ಅವರ ಹೆಂಡತಿಯ ಮುಖ ನೋಡಿದೆ. ಅವರು ನನ್ನ ಎದುರಿಗೆ ತಟ್ಟೆ ಇಟ್ಟರು, ರೊಟ್ಟಿ ಮತ್ತು ಶೇಂಗಾ ಹಿಂಡಿ. "ಉಣ್ರಿ ಮೊದಲ. ಇವರಿಗೆ ಹೇಳಿ ನಾ ಸೋತೀನಿ, ನಿಮಗೇನ ಹೇಳ್ಲಿ" ಎಂದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನಗೂ ಗಂಡನಿಗೂ ಸೇರಿಸಿ, "ಅರ್ಧಾ ಮಾಡಿ ಬಿಟ್ರ ಆ ಕೈ ಸುಮ್ಮನ ಮುರಿದಂಗ ಆಗ್ತದ" ಎಂದರು.

ಇಂಜಿನಿಯರು ಹೇಳಿದ ಹಾಗೆಯೇ ಮುಂದುವರಿಸಿದೆವು. ಹೊಸ ತರುಣನಿಗೆ ಗಿಡದ ಗೊಡವೆ ಇರಲಿಲ್ಲ, ಆದರೆ ದಿನವೂ ಕಲ್ಯಾಣದಿಂದ ಬರುತ್ತಿದ್ದ ಫೋನಿಗೆ ಹೆದರುತ್ತಿದ್ದ. ಮಶೀನು ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಆಮೆಯಂತೆ ಹತ್ತುತ್ತಿತ್ತು. ನಾನು ದೂರದಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ.

ಒಂದು ಗಿಡ ಮಾತ್ರ ಬರುವುದಿಲ್ಲವೆಂದು ಮೊದಲಿನಿಂದಲೂ ಗೊತ್ತಿತ್ತು. ಅದು ಎಲ್ಲಕ್ಕಿಂತ ಹಳೆಯದು. ಬುಡ ನನ್ನ ಹೆಬ್ಬೆರಳಿಗಿಂತ ದಪ್ಪ. ಸೀಳಿಲ್ಲದ ಇಡೀ ಬಂಡೆಯ ಕೂದಲೆಳೆಯಂಥ ಬಿರುಕಿನಲ್ಲಿ ಕೂತಿತ್ತು. ಎಲ್ಲಿ ತಟ್ಟಿದರೂ ಟಣ್. ಬ್ರೇಕರು ಅದರ ಹತ್ತಿರ ಬಂದ ಹೊತ್ತಿಗೆ ಮೈತುಂಬ ಹೂ. "ಮ್ಯಾಡಂ, ಆಜ್ ಯೇ ಲೇನಾ ಪಡೇಗಾ" ಎಂದು ತರುಣ ಹೇಳಿದ, ಇವತ್ತು ಇದನ್ನು ಒಡೆಯಲೇಬೇಕು ಎಂದು. ಊಟದ ಹೊತ್ತಿನ ತನಕ ಸಮಯ ಕೇಳಿದೆ.

ಊಟದ ಡಬ್ಬಿ ಖಾಲಿ ಮಾಡಿ, ಒದ್ದೆ ಬಟ್ಟೆ ಹಾಸಿ, ಅದರ ಹೂಗಳನ್ನು ಬಿಡಿಸಿ ತುಂಬಿಕೊಂಡೆ. ಕ್ವಾರಿಯ ಮೆಟ್ಟಿಲಿಗೆ ಹತ್ತಿದೆ. ಒಂದೊಂದೇ ಹೂವಿನ ದಳ ಹಿಂದಕ್ಕೆ ಮಡಚಿ, ಅದರ ಪರಾಗವನ್ನು ಮೇಲೆ ತಂದಿಟ್ಟಿದ್ದ ಗಿಡಗಳ ಹೂಗಳಿಗೆ ಮುಟ್ಟಿಸುತ್ತ ಹೋದೆ. ಎಷ್ಟು ಕಾಯಿ ಕಟ್ಟುತ್ತದೋ, ಕಟ್ಟುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಬೆರಳೆಲ್ಲ ಪರಾಗ. ಕೊನೆಯ ಕಲ್ಲಿನ ಹತ್ತಿರ ಇದ್ದಾಗ ಕೆಳಗೆ ಬ್ರೇಕರು ಸುರುವಾಯಿತು. ಆ ಕಡೆ ತಿರುಗಿ ನೋಡದೆ ಕೈಯಲ್ಲಿದ್ದ ಹೂ ಮುಗಿಸಿದೆ.

ಚಳಿಗಾಲದಲ್ಲಿ ತಪಾಸಣೆಗೆ ಬಂದರು. ಇಬ್ಬರು ಅಧಿಕಾರಿಗಳು, ಜೊತೆಗೆ ಆ ಅಧ್ಯಾಪಕಿ. ನೆರಳುಬಲೆಯ ಕೆಳಗೆ ಸೊಂಪಾದ ಕುಂಡಗಳು ಸಾಲಾಗಿ ಇದ್ದವು, ಚೀಟಿ ಇರಲಿಲ್ಲ. ಒಬ್ಬ ಅಧಿಕಾರಿ, "ವಾ, ಚೆನ್ನಾಗಿ ಬಂದಿವೆ" ಎಂದರು. ಮಾಲೀಕರು ನನ್ನನ್ನು ನೋಡಿದರು.

"ಇವು ಬೇರೆ ಗೋರಟೆ" ಎಂದೆ. "ಆ ಗಿಡ ಇಲ್ಲಿ ಒಂದೂ ಬದುಕಲಿಲ್ಲ. ಇರುವವೆಲ್ಲ ಗುಡ್ಡದ ಮೇಲಿವೆ."

ಕಾರಿನಲ್ಲಿ ಗುಡ್ಡಕ್ಕೆ ಹೊರಟೆವು. ಮಾಲೀಕರೂ ಬಂದರು, ಮೆಟ್ಟಿಲು ಹತ್ತುವಾಗ ಅಧ್ಯಾಪಕಿಗೆ ಕೈ ಕೊಟ್ಟವರು ಅವರೇ. ಅಧ್ಯಾಪಕಿ ಕಲ್ಲಿಂದ ಕಲ್ಲಿಗೆ ಹೋಗಿ ಭೂತಗಾಜಿನಲ್ಲಿ ಎಲೆ ನೋಡಿದರು, ಬಿರುಕಿನಲ್ಲಿ ಬೆರಳಿಟ್ಟು ನೋಡಿದರು. ಹೊಗಳಲಿಲ್ಲ, ತೆಗಳಲೂ ಇಲ್ಲ. "ಕಿತ್ತ ಗಿಡ ಒಳಗಿದ್ದ ನೀರಿನಲ್ಲೇ ಕೆಲವು ತಿಂಗಳು ಹಸಿರಾಗಿರಬಲ್ಲದು. ಮುಂದಿನ ಮಳೆಗೆ ಚಿಗುರಿದರೆ ಬದುಕಿತು ಎನ್ನುತ್ತೇನೆ" ಎಂದರು. ಅಧಿಕಾರಿಗಳು ತೀರ್ಮಾನವನ್ನು ಮಳೆಗೆ ಮುಂದೂಡಿದರು.

ಆ ಬೇಸಿಗೆಯಷ್ಟು ಉದ್ದದ ಬೇಸಿಗೆ ನಾನು ಕಂಡಿಲ್ಲ. ಹೋಳಿ ಮುಗಿಯುವಷ್ಟರಲ್ಲಿ ಎಲೆಯೆಲ್ಲ ಉದುರಿ ಕಲ್ಲಿನ ಮೇಲೆ ಬರೇ ಕಡ್ಡಿ ನಿಂತಿತು. ಈ ಜಾತಿ ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆಂದು ಗೊತ್ತಿದ್ದರೂ, ಉದುರಿಸಿದ್ದಕ್ಕೂ ಸತ್ತದ್ದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮಾಲೀಕರು ಟ್ಯಾಂಕರ್ ಕಳಿಸಲೇ ಎಂದು ತಾವಾಗಿ ಕೇಳಿದರು. ಆಸೆಯಾಯಿತು. ಕೊಡದೆ ಸತ್ತರೆ ನಾನೇ ಕೊಂದ ಹಾಗೆ. ಆದರೆ ಕಾದ ಕಲ್ಲಿನ ಬಿರುಕಿಗೆ ನೀರು ಹೊಯ್ದರೆ ಮಲಗಿದ ಬೇರು ಕೊಳೆಯುತ್ತದೆ. ನೆರೂಳಿನಲ್ಲಿ ಕೊಳೆಸಿದ್ದು ಸಾಕಾಗಿತ್ತು. ಬೇಡವೆಂದೆ. ವಾರಕ್ಕೊಮ್ಮೆ ಹೋಗಿ ಉಗುರಿನಿಂದ ತೊಗಟೆ ಕೆರೆದು ನೋಡುವುದು, ಹಸಿರು ಕಂಡರೆ ಸಮಾಧಾನ, ಕಂದು ಕಂಡರೆ ಇನ್ನೊಂದು ಕಡ್ಡಿ ಕೆರೆಯುವುದು. ಮೇ ತಿಂಗಳಲ್ಲಿ ಕೆರೆಯುವುದನ್ನೂ ಬಿಟ್ಟೆ. ಕೆರೆದೇ ಕೊಲ್ಲುತ್ತೇನೆಂದು ಭಯವಾಯಿತು.

ಮಳೆ ಬಿದ್ದ ಮೇಲೆ ಎರಡು ವಾರ ಹೋಗಲಿಲ್ಲ. ಹೋಗಲಾಗಲಿಲ್ಲ. ಕೊನೆಗೆ ಅಧ್ಯಾಪಕಿಯೇ ಫೋನ್ ಮಾಡಿ ಕರೆದರು. ಛತ್ರಿ ಹಿಡಿದು ಇಬ್ಬರೂ ಹತ್ತಿದೆವು. ಮೊದಲ ಕಲ್ಲು ಬೋಳು. ಎರಡನೆಯದೂ ಬೋಳು. ಮೂರನೆಯದರ ಬುಡದಲ್ಲಿ, ಒಣ ಕಡ್ಡಿಗಳ ಕೆಳಗೆ, ಬೂದು ಹಸಿರಿನ ಎರಡು ಎಲೆ ಕೈ ಜೋಡಿಸಿದಂತೆ ನಿಂತಿದ್ದವು. ಆಮೇಲಿನದರಲ್ಲಿ ಗೊಂಚಲೇ ಇತ್ತು. ಎಲ್ಲವೂ ಬದುಕಲಿಲ್ಲ, ಸತ್ತವು ಕಡಿಮೆಯೇನೂ ಅಲ್ಲ. ಆದರೆ ಬದುಕಿದವು ಹೆಚ್ಚು. ಅಧ್ಯಾಪಕಿ ಮಳೆಯಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. "ಈಗ ಬರೆದುಕೊಡುತ್ತೇನೆ" ಎಂದರು.

ಇಳಿಯುವಾಗ ರಸ್ತೆಗೆ ಬಂದು, ಹೊಸದಾಗಿ ಕಡಿದ ಗುಡ್ಡದ ಗೋಡೆಯ ಕೆಳಗೆ ರಿಕ್ಷಾಕ್ಕೆ ಕಾಯುತ್ತ ನಿಂತೆವು. ಸುಮ್ಮನೆ ಮೇಲೆ ನೋಡಿದೆ. ಆ ಹಸಿ ಗಾಯದಂಥ ಕಲ್ಲಿನ ಗೀರುಗಳಲ್ಲಿ ಅಲ್ಲಲ್ಲಿ ಜೋಡಿ ಎಲೆಗಳಿದ್ದವು. ನಾವು ನೆಟ್ಟದ್ದಲ್ಲ. ಮೇಲಿನ ಮೆಟ್ಟಿಲಿನ ಗಿಡಗಳ ಕಾಯಿ ಚಳಿಗಾಲದ ಒಣ ಬಿಸಿಲಿಗೆ ಸಿಡಿದು, ಬೀಜ ಕೆಳಗೆ ಹಾರಿ, ಮಳೆ ಬಿದ್ದಾಗ ಅಲ್ಲೇ ಅಂಟಿಕೊಂಡು ಮೊಳೆತಿದ್ದವು. ಮಳೆ ಮುಗಿದ ಕೂಡಲೇ ಆ ಗೋಡೆಗೆ ಸಿಮೆಂಟ್ ಹೊಡೆಯುವುದಿದೆಯೆಂದು ನನಗೆ ಗೊತ್ತಿತ್ತು.

ಅಲ್ಲಿಂದಲೇ ಇಂಜಿನಿಯರಿಗೆ ಫೋನ್ ಮಾಡಿದೆ. ಅವರು ಆಗ ಠಾಣೆಯ ಕಡೆ ಇನ್ನೊಂದು ಕೆಲಸದಲ್ಲಿದ್ದರು.

"ಎಷ್ಟ ಎತ್ತರದಾಗ ಅದಾವ್ರಿ?"

"ಕೈಗೆ ಎಟಕುದಿಲ್ಲ ಸಾರ್."

"ಹಂಗಾರ ಕೀಳಾಕ ಆಗಂಗಿಲ್ಲ."

"ಕೀಳುದು ಬೇಡ ಮಾರಾಯ್ರೆ! ಅಲ್ಲೇ ಬಿಡುದು ಹೇಗೆ, ಅದನ್ನು ಹೇಳಿ."

ಆ ಕಡೆಯಿಂದ ನಗು ಕೇಳಿಸಿತು. ಭಾನುವಾರ ಬಂದರು. ಬಲಗೈ ಪೂರ್ತಿ ತಿರುಗುತ್ತಿರಲಿಲ್ಲ, ಎಡಗೈಯಲ್ಲಿ ಸುತ್ತಿಗೆ ಹಿಡಿದು ಗೋಡೆಯುದ್ದಕ್ಕೂ ತಟ್ಟಿದರು. ಆ ಭಾಗದ ಕಲ್ಲು ಗಟ್ಟಿಯಿದೆ, ಅಲ್ಲಿ ಸಿಮೆಂಟ್ ಬೇಕಿಲ್ಲ, ಮೊಳೆ ಹೊಡೆದು ತಂತಿಬಲೆ ಹಾಕಿದರೆ ಸಾಕು ಎಂದು ಲೆಕ್ಕ ಹಾಕಿ ಕಂಪನಿಗೆ ತಾವೇ ಹೇಳಿದರು. ಅಷ್ಟು ಭಾಗಕ್ಕೆ ಮಾತ್ರ ಕಂಪನಿಯವರು ಒಪ್ಪಿದರು. ಆಚೆಯದಕ್ಕೆಲ್ಲ ಸಿಮೆಂಟೇ.

ಬಲೆ ಹಾಕುವ ದಿನ ರಜೆ ಹಾಕಿ ಹೋದೆ. ಹಗ್ಗಕ್ಕೆ ಜೋತುಬಿದ್ದ ಹುಡುಗನೊಬ್ಬ ಒಂದು ಸಸಿಯ ಮೇಲೆಯೇ ಡ್ರಿಲ್ ಒತ್ತಲು ಹೊರಟಾಗ ಕೆಳಗಿನಿಂದ ಕೂಗಿದೆ. ಲಾರಿಗಳ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಛತ್ರಿ ಎತ್ತಿ ತೋರಿಸಿದೆ. ಅವನು ಕಲ್ಲಿಗೆ ಮುಖ ಹಚ್ಚಿ ನೋಡಿ, ಕೈಯಗಲ ಪಕ್ಕಕ್ಕೆ ಡ್ರಿಲ್ ಸರಿಸಿದ. ಸರಿಸಿದ ಜಾಗದಲ್ಲಿ ಇನ್ನೊಂದು ಸಸಿಯಿತ್ತು. ನಾನು ಮತ್ತೆ ಛತ್ರಿ ಎತ್ತಿದೆ.